ಸೋರುವ ಕಲ್ಲಿನ ನಾಡಲ್ಲಿ ಕೆರೆಯಂಚಿನ ಹಾದಿ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆಯ ಹೊಲಗಳಲ್ಲಿ ಹಿಂಗಾರಿಗೆ ರಂಟೆ ಹೊಡೆದ ಮೇಲೆ ಕರಿ ಮಣ್ಣಿನ ಹೆಂಟೆಗಳ ನಡುವೆ ಬಿಳಿ ಹರಳುಗಳು ಮೇಲೆದ್ದು ಬರುತ್ತವೆ. ಕೆಲವು ಕಡಲೆಕಾಳಿನಷ್ಟು, ಕೆಲವು ಅಡಿಕೆಯಷ್ಟು. ಅವುಗಳ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ಅದು ಸುಣ್ಣ. ದಖನ್ನಿನ ಊರೂರುಗಳಲ್ಲಿ ಹಿಂದೆ ಇಂಥ ಹರಳುಗಳನ್ನೇ ಆರಿಸಿ, ಭಟ್ಟಿಯಲ್ಲಿ ಸುಟ್ಟು, ಗೋಡೆಗೆ ಗಾರೆ ಕಲಸುತ್ತಿದ್ದರು.

ಸಾಯಗಾಂವದಿಂದ ಭಾಲ್ಕಿ ದಾಟಿ ಬೀದರಿನ ಕಡೆ ಹೊರಟರೆ ನೆಲ ನಿಧಾನಕ್ಕೆ ಏರುತ್ತದೆ, ಕರಿ ಮಣ್ಣು ಕಂದಾಗಿ, ಕಂದು ಕೆಂಪಾಗಿ, ಕೊನೆಗೆ ಇಟ್ಟಿಗೆ ಬಣ್ಣದ ಕಲ್ಲು ಬಯಲಾಗುತ್ತದೆ. ಅಲ್ಲಿ ಸುಣ್ಣದ ಹರಳು ಹುಡುಕಿದರೂ ಸಿಗುವುದಿಲ್ಲ. ಸಿಗುವುದು ತೂತು ತೂತಾದ ಜಂಬಿಟ್ಟಿಗೆ. ಎರಡೂ ನೆಲಗಳ ತಾಯಿಕಲ್ಲು ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ದಖನ್ನಿನ ಲಾವಾ, ಅಂದರೆ ಕಪ್ಪು ಬಸಾಲ್ಟ್. ಎತ್ತರದಲ್ಲಿ ಯುಗಯುಗಗಳ ಮಳೆ ಮತ್ತು ಬಿಸಿಲು ಆ ಕಲ್ಲಿನೊಳಗಿನ ಸುಣ್ಣವನ್ನು ಮೊದಲು ತೊಳೆದವು, ಆಮೇಲೆ ಸಿಲಿಕಾವನ್ನೂ ತೊಳೆದವು. ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ತುಕ್ಕು ಮಾತ್ರ ಉಳಿದು ಜಂಬಿಟ್ಟಿಗೆಯಾಯಿತು. ತಗ್ಗಿನ ಕಣಿವೆಗಳಲ್ಲಿ ಅದೇ ಬಸಾಲ್ಟ್ ಸವೆದು ಎರೆಮಣ್ಣಾದಾಗ ಸುಣ್ಣ ಅಲ್ಲೇ ನಿಂತಿತು, ಮಣ್ಣಿನೊಳಗೆ ಗಂಟುಗಟ್ಟಿತು.

ಈ ಎರಡು ನೆಲಗಳ ನಡುವಿನ ಅಂಚಿನಲ್ಲೇ ಬೀದರ್ ಜಿಲ್ಲೆಯ ಒಳ್ಳೆಯ ಕಾಲುಹಾದಿಗಳಿವೆ. ಏರು ಹೆಚ್ಚಿಲ್ಲದ, ಮಕ್ಕಳೂ ಮುದುಕರೂ ನಡೆಯಬಹುದಾದ, ಪಕ್ಕದಲ್ಲೇ ನೀರಿರುವ ಹಾದಿಗಳು. ಅವುಗಳಿಗೆ ಹೆಸರಿಲ್ಲ, ಫಲಕವಿಲ್ಲ, ನಕ್ಷೆಯಿಲ್ಲ. ಆದರೆ ಕೆರೆಯ ಸುತ್ತ ನಡೆಯುವುದೆಂದರೆ ಇಲ್ಲಿ ಬರಿಯ ಗಾಳಿಸೇವನೆಯಲ್ಲ. ನೀರು ಎಲ್ಲಿ ನೆಲಕ್ಕಿಳಿಯುತ್ತದೆ, ಎಲ್ಲಿ ಹೊರಗೆ ಬರುತ್ತದೆ ಎಂಬುದನ್ನು ಕಾಲಿನಿಂದಲೇ ಓದಬಹುದು. ಬೀದರಿನ ಐದಾರು ನೂರು ವರ್ಷಗಳ ಇತಿಹಾಸ ಹೊಸೆದುಕೊಂಡಿರುವುದು ಆ ಓದಿನಲ್ಲೇ.

ಸುಣ್ಣಕಲ್ಲಿನ ನಾಡಿನಲ್ಲಿ ಕೆರೆಯೇಕೆ ಅಪರೂಪ?

ಜಂಬಿಟ್ಟಿಗೆಯನ್ನು ಅರಿಯಲು ಅದರ ದೂರದ ನೆಂಟನಾದ ಸುಣ್ಣಕಲ್ಲಿನಿಂದ ಶುರುಮಾಡುವುದು ಒಳ್ಳೆಯದು. ಬೀದರಿನಿಂದ ದಕ್ಷಿಣಕ್ಕೆ ಇಳಿದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆ. ಲಾವಾ ಹರಿಯುವ ಎಷ್ಟೋ ಕೋಟಿ ವರ್ಷಗಳ ಮುಂಚೆ ಅಲ್ಲೊಂದು ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಹಾಳೆಹಾಳೆಯಾಗಿ ಕೂತ ಸುಣ್ಣದ ಕೆಸರೇ ಇಂದಿನ ಶಹಾಬಾದ್ ಕಲ್ಲು. ನಮ್ಮ ಕಡೆಯ ಅರ್ಧಕ್ಕರ್ಧ ಮನೆಗಳ ಪಡಸಾಲೆಗೆ ಹಾಸಿರುವ ತಣ್ಣನೆಯ ಬೂದು ಫರಸಿ ಅದೇ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಮೇಲೆ ಇದೇ ಕಲ್ಲಿನ ನಾಡಿನಲ್ಲಿದೆ. ಇಂದು ಅದೇ ಕಲ್ಲು ಸಿಮೆಂಟ್ ಕಾರ್ಖಾನೆಗಳ ಅನ್ನ.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಬಿರುಕು ಕೊರಕಲಾಗಿ, ಕೊರಕಲು ಗವಿಯಾಗುತ್ತದೆ, ಹೊಳೆಗಳು ಇದ್ದಕ್ಕಿದ್ದಂತೆ ನೆಲದೊಳಗೆ ಇಳಿದುಬಿಡುತ್ತವೆ. ಹಾಗಾಗಿ ಅಪ್ಪಟ ಸುಣ್ಣಕಲ್ಲಿನ ಮೇಲೆ ಕೆರೆ ನಿಲ್ಲುವುದು ಕಷ್ಟ. ಇಂಗ್ಲೆಂಡಿನ ಯಾರ್ಕ್‌ಶೈರ್ ಬೆಟ್ಟಗಳಲ್ಲಿ ಮ್ಯಾಲಮ್ ಟಾರ್ನ್ ಎಂಬ ಕೆರೆಯಿದೆ. ಸುತ್ತೆಲ್ಲ ಸುಣ್ಣಕಲ್ಲು, ಆದರೂ ನೀರು ನಿಂತಿದೆ, ಏಕೆಂದರೆ ಕೆರೆಯ ಅಡಿಯಲ್ಲಿ ನೀರು ಬಿಡದ ಹಳೆಯ ಸ್ಲೇಟು ಕಲ್ಲಿನ ತಳವಿದೆ. ಆ ಕೆರೆಯಿಂದ ಹೊರಟ ತೊರೆ ಸ್ಲೇಟು ಮುಗಿದು ಸುಣ್ಣಕಲ್ಲು ಶುರುವಾದ ಸ್ವಲ್ಪ ದೂರದಲ್ಲೇ ನೆಲದೊಳಗೆ ಮಾಯವಾಗುತ್ತದೆ. ಸ್ಲೊವೇನಿಯಾದ ತ್ಸೆರ್ಕ್ನಿತ್ಸಾ ಕೆರೆಯಂತೂ ಹೆಚ್ಚಿನ ವರ್ಷಗಳಲ್ಲಿ ಪೂರ್ತಿ ಬರುತ್ತದೆ, ಪೂರ್ತಿ ಹೋಗುತ್ತದೆ. ತುಂಬಿದಾಗ 20 ಚದರ ಕಿಲೋಮೀಟರಿಗೂ ಮೀರಿ ಹರಡಿ ಮೀನುಗಾರರನ್ನು ಕರೆಯುತ್ತದೆ, ಬೇಸಿಗೆಯಲ್ಲಿ ನೀರು ಕೆಳಗಿನ ಬಿಲಗಳಿಗೆ ಇಳಿದಾಗ ಅದೇ ತಳದಲ್ಲಿ ರೈತರು ಹುಲ್ಲು ಕೊಯ್ಯುತ್ತಾರೆ.

ಹೀಗೆ ಸೋರುವ ಕಲ್ಲಿನ ನಾಡಿನಲ್ಲಿ ನೀರು ಉಳಿಯಬೇಕಾದರೆ ಕೆಳಗೆ ಸೋರದ ಕಲ್ಲೊಂದು ಇರಬೇಕು. ಬೀದರಿನಲ್ಲಿ ಈ ಜೋಡಿ ಬಹಳ ಸ್ಪಷ್ಟವಾಗಿ ಕೂಡಿಬಂದಿದೆ.

ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ನಿಜಾಮರ ಕಾಲದ ಪುರಾತತ್ವ ನಿರ್ದೇಶಕ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ದೊಡ್ಡ ಗ್ರಂಥದಲ್ಲಿ ಇದರ ಉದ್ದ 22 ಮೈಲಿ, ಅಗಲ 12 ಮೈಲಿ ಎಂದು ಕೊಟ್ಟಿದ್ದಾರೆ. ಇದರ ತಲೆಯ ಮೇಲಿನ ಜಂಬಿಟ್ಟಿಗೆಯ ಹೊದಿಕೆ ಹಲವೆಡೆ 30 ಮೀಟರಿಗಿಂತ ದಪ್ಪ. ಅದರ ಕೆಳಗೆ ಜೇಡಿಯಂಥ ಮೆತ್ತನೆಯ ಪದರ, ಅದರ ಕೆಳಗೆ ಗಟ್ಟಿ ಬಸಾಲ್ಟ್. ನೀರು ತುಂಬಿದ ಮಣ್ಣಿನ ಹರವಿಯನ್ನು ಫರಸಿಯ ಮೇಲಿಟ್ಟರೆ ಮೈಯೆಲ್ಲ ಬೆವೆತು, ಆ ನೀರು ಕಲ್ಲಿನ ಮೇಲೆ ಹರಿದು ಅಂಚಿನಿಂದ ತೊಟ್ಟಿಕ್ಕುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ವರ್ಷಕ್ಕೆ ಸರಾಸರಿ 850 ಮಿಲಿಮೀಟರ್ ಆಸುಪಾಸು ಬೀಳುವ ಮಳೆಯಲ್ಲಿ ಒಂದು ಪಾಲು ಕೆಂಗಲ್ಲಿನ ತೂತುಗಳಿಂದ ಇಳಿಯುತ್ತದೆ, ಬಸಾಲ್ಟ್ ತಡೆದಲ್ಲಿ ಅಡ್ಡಕ್ಕೆ ಹರಿಯುತ್ತದೆ, ಪ್ರಸ್ಥಭೂಮಿಯ ಅಂಚು ಕಡಿದ ಕಣಿವೆಗಳಲ್ಲಿ ಝರಿಯಾಗಿ ಹೊರಬರುತ್ತದೆ.

ಪಾಪನಾಶ, ನಾನಕ್ ಝಿರಾ, ನರಸಿಂಹ ಝರಣಿ. ಬೀದರ್ ಊರಿನ ಸುತ್ತ ಜನ ಕೈಮುಗಿಯುವ ಈ ಮೂರೂ ಜಾಗಗಳು ಅಂಚಿನ ಕಣಿವೆಗಳ ನೀರಿನ ನೆಲೆಗಳೇ ಆಗಿರುವುದು ಕಾಕತಾಳೀಯವಲ್ಲ.

ಅಂಚಿನ ಊಟೆಗಳು

ಪಾಪನಾಶ ದೇವಸ್ಥಾನ ತಗ್ಗಿನ ಕಣಿವೆಯಲ್ಲಿದೆ. ಲಂಕೆಯಿಂದ ಮರಳುವಾಗ ರಾಮ ಇಲ್ಲಿ ಶಿವಲಿಂಗ ಸ್ಥಾಪಿಸಿದನೆಂಬುದು ನಂಬಿಕೆ. ಗುಡಿಯ ಕೆಳಗಿನ ಕುಂಡಕ್ಕೆ ಸಹಜ ಊಟೆಯ ನೀರು ಬರುತ್ತದೆ. ಹತ್ತಿರದಲ್ಲೇ ಪಾಪನಾಶ ಕೆರೆ. ಶಿವರಾತ್ರಿಯ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳ ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆಯುತ್ತ ಒಂದು ಕೆಲಸ ಮಾಡಬಹುದು. ಒಂದು ಕಣ್ಣು ನೀರಿನ ಮೇಲಿದ್ದರೆ ಇನ್ನೊಂದು ಕಣ್ಣು ಎದುರಿನ ದಿಬ್ಬದ ಮೇಲಿರಲಿ. ದಿಬ್ಬದ ಮೇಲ್ಭಾಗ ಒಣಗಿ ಕೆಂಪಾಗಿರುತ್ತದೆ, ಅದರ ಬುಡದಲ್ಲಿ ಹಸಿರಿನ ಗೆರೆಯೊಂದು ಅಡ್ಡಕ್ಕೆ ಸಾಗುತ್ತದೆ. ಆ ಗೆರೆಯ ಮಟ್ಟದಲ್ಲೇ ಕೆಂಗಲ್ಲು ಮುಗಿದು ಕರಿಗಲ್ಲು ಶುರುವಾಗುವುದು. ಬೇಸಿಗೆಯಲ್ಲಿ ಈ ಗೆರೆ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ.

ಗುರುನಾನಕರು 16ನೆಯ ಶತಮಾನದ ಆರಂಭದಲ್ಲಿ ತಮ್ಮ ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದಾಗ ಊರಿಗೆ ಸಿಹಿನೀರಿನ ಬರವಿತ್ತಂತೆ. ಅವರು ಪಾದದಿಂದ ಕಲ್ಲೊಂದನ್ನು ಸರಿಸಿದಾಗ ಅಲ್ಲಿಂದ ನೀರು ಚಿಮ್ಮಿತೆಂದು ಸಿಖ್ಖರ ಶ್ರದ್ಧೆ. ಇಂದಿಗೂ ನಾನಕ್ ಝಿರಾ ಗುರುದ್ವಾರದ ಅಮೃತಕುಂಡಕ್ಕೆ ಬಂಡೆಯ ಬುಡದಿಂದಲೇ ನೀರು ಬರುತ್ತದೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ತಲೆಕೊಡಲು ಮುಂದೆ ಬಂದ ಐವರು ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಪಂಜಾಬಿನಿಂದ ಬಂದ ಯಾತ್ರಿಕರು ಈ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗುವಾಗ, ಅದು ಯಾವುದೋ ವರ್ಷ ನಮ್ಮ ಬಯಲುಗಳ ಮೇಲೆ ಬಿದ್ದ ಮಳೆ ಎಂದು ನೆನೆದರೆ ನನಗೆ ಮನಸ್ಸು ತುಂಬುತ್ತದೆ.

ಮೂರರಲ್ಲಿ ಹೆಚ್ಚು ಬೆರಗಿನದು ನರಸಿಂಹ ಝರಣಿ. ಊರಿನಿಂದ ಐದು ಕಿಲೋಮೀಟರಿನೊಳಗೆ, ಮಣಿಚೂಳ ಬೆಟ್ಟಸಾಲಿನ ಅಡಿಯಲ್ಲಿದೆ. ಸುಮಾರು 300 ಮೀಟರ್ ಉದ್ದದ ಸುರಂಗ, ಎದೆಮಟ್ಟದ ನೀರು, ಚಾವಣಿಗೆ ಜೋತುಬಿದ್ದ ಬಾವಲಿಗಳು, ಕೊನೆಯಲ್ಲಿ ಗೋಡೆಯ ಮೇಲಿನ ನರಸಿಂಹ. ಹಿರಣ್ಯಕಶಿಪುವಿನ ನಂತರ ನರಸಿಂಹನು ಜಲಾಸುರನೆಂಬ ದೈತ್ಯನನ್ನು ಕೊಂದನೆಂದೂ, ಸತ್ತ ಜಲಾಸುರ ನೀರಾಗಿ ದೇವರ ಪಾದದಿಂದ ಹರಿಯುತ್ತಿರುವನೆಂದೂ ಸ್ಥಳಪುರಾಣ ಹೇಳುತ್ತದೆ. ಕಲ್ಲಿನೊಳಗೆ ಅಡಗಿದ್ದ ನೀರನ್ನು ಬಗೆದು ಹೊರತೆಗೆದ ಕತೆಯಿದು, ಈ ಊರಿಗೆ ಇದಕ್ಕಿಂತ ಹೊಂದುವ ಪುರಾಣ ಇನ್ನೊಂದಿಲ್ಲ. ಆದರೆ ಇದನ್ನು ಸುಲಭದ ನಡಿಗೆ ಎಂದು ಹೇಳಲಾರೆ. ನೀರಿನ ಮಟ್ಟ, ಒಳಗಿನ ಗಾಳಿ, ಜನಸಂದಣಿಗೆ ತಕ್ಕಂತೆ ಪ್ರವೇಶ ಇರುತ್ತದೆ ಅಥವಾ ಇರುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಒಳಗೆ ಹೋಗದವರಿಗೆ ಹೊರಗಿನ ಕಣಿವೆಯ ಹಾದಿಯೇ ಸಾಕಷ್ಟು ಚೆಂದ. ಮಳೆಗಾಲ ಮುಗಿದ ಹೊತ್ತಿನಲ್ಲಿ ಬೀದರಿನ ಗುಡ್ಡಗಳಲ್ಲಿ ಸೀತಾಫಲ ಕಣ್ಣು ಬಿಟ್ಟಿರುತ್ತದೆ.

ನೌಬಾದಿನ ನೆಲದಡಿಯ ಹೊಳೆ

ಈ ಎಲ್ಲ ಹಾದಿಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ನೌಬಾದಿನ ಕಾರೇಜ್ ಎನ್ನುತ್ತೇನೆ. ಇಲ್ಲಿ ಕೆರೆಯಿಲ್ಲ, ಕಾಣುವ ನೀರೂ ಬಹಳಿಲ್ಲ. ಆದರೆ ಬೀದರಿನ ನೀರಿನ ಗುಟ್ಟು ಇಲ್ಲಿ ಬಿಚ್ಚಿಕೊಂಡಷ್ಟು ಬೇರೆಲ್ಲೂ ಬಿಚ್ಚಿಕೊಳ್ಳುವುದಿಲ್ಲ.

ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. 1436ರಲ್ಲಿ ತೀರಿಕೊಂಡ ಆತನ ಗೋರಿ ಅಷ್ಟೂರಿನಲ್ಲಿದೆ. ಎತ್ತರದ ಕೋಟೆ, ತಂಪು ಹವೆ, ಸುತ್ತ ಕಣಿವೆ, ಎಲ್ಲವೂ ರಾಜಧಾನಿಗೆ ಒಪ್ಪುವಂಥವೇ. ತೊಡಕಿದ್ದದ್ದು ನೀರಿನದು. ಮೇಲೆ ನಿಂತವರ ಕಾಲಡಿಯಲ್ಲೇ ನೀರಿತ್ತು, ಆದರೆ ಆಳದಲ್ಲಿತ್ತು. ಆ ಕಾಲದಲ್ಲಿ ಇರಾನಿನಿಂದ ವಿದ್ವಾಂಸರೂ ಸೂಫಿಗಳೂ ಕುಶಲಕರ್ಮಿಗಳೂ ಬೀದರಿಗೆ ಬಂದರು. ಅವರ ಜೊತೆಗೇ ಬಂದದ್ದು ಖನಾತ್ ತೋಡುವ ವಿದ್ಯೆ. ಇರಾನಿನ ಖನಾತುಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವಿದ್ಯೆ ಇಲ್ಲಿ ಕಾರೇಜ್ ಎನಿಸಿತು. ಜನರ ಮಾತಿನಲ್ಲಿ ಸುರಂಗ ಬಾವಿ.

ಮಾಡುವ ಬಗೆ ಹೀಗೆ. ಎತ್ತರದಲ್ಲಿ ನೀರಿನ ಪಸೆ ಸಿಗುವವರೆಗೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ, ನೀರು ತಾನಾಗಿ ಹರಿಯುವಷ್ಟು ಮಾತ್ರ ಇಳಿಜಾರು ಕೊಟ್ಟು, ನೆಲದಡಿಯಲ್ಲಿ ಸುರಂಗ ಕೊರೆಯುತ್ತಾರೆ. ನಡುನಡುವೆ ಮೇಲಿನಿಂದ ನೇರ ಬಾವಿಗಳನ್ನು ಇಳಿಸುತ್ತಾರೆ. ತೋಡಿದ ಮಣ್ಣು ಹೊರಬರುವುದು ಅವುಗಳಿಂದ, ಒಳಗಿನವರಿಗೆ ಗಾಳಿ ಬೆಳಕು ಬರುವುದು ಅವುಗಳಿಂದ, ಮುಂದೆ ಮೇಲಿನ ಜನ ಹಗ್ಗ ಬಿಟ್ಟು ನೀರು ಸೇದುವುದೂ ಅವುಗಳಿಂದಲೇ. ಕಡೆಗೆ ಸುರಂಗ ಕಣಿವೆಯಲ್ಲಿ ಬಾಯಿ ತೆರೆಯುತ್ತದೆ. ಎತ್ತು ಬೇಡ, ಕಪಿಲೆ ಬೇಡ, ಆವಿಯಾಗುವ ಭಯವಿಲ್ಲ. ಜಂಬಿಟ್ಟಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಲ್ಲು. ನೆಲದೊಳಗಿರುವಾಗ ಅದು ಮೆತ್ತಗಿರುತ್ತದೆ, ಗುದ್ದಲಿಗೆ ಸಿಗುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. 1800–01ರಲ್ಲಿ ಮೈಸೂರು, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಗುಣವನ್ನು ಕೇರಳದಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದಕ್ಕೂ ಮೂರೂವರೆ ಶತಮಾನ ಮೊದಲೇ ಬೀದರಿನ ಕಲ್ಲುಕುಟಿಗರು ಆ ಗುಣವನ್ನು ಬಲ್ಲವರಾಗಿ, ಕೋಟೆಯ ಸುತ್ತ ಮೂರು ಸಾಲಿನ ಕಂದಕವನ್ನು ಅದೇ ಕಲ್ಲಿನಲ್ಲಿ ಕಡಿದಿದ್ದರು.

ಬೀದರಿನಲ್ಲಿ ಇಂಥ ಮೂರು ಏರ್ಪಾಡುಗಳು ಗುರುತಾಗಿವೆ. ನೌಬಾದ್, ಶುಕ್ಲತೀರ್ಥ ಮತ್ತು ಜಮ್ನಾ ಮೋರಿ. ನೌಬಾದಿನದು ಬಂಡೆಯ ಸಹಜ ಬಿರುಕುಗಳ ಸಾಲನ್ನೇ ಹಿಡಿದು, ಅಲಿಯಾಬಾದ್ ಕಡೆಯ ಇಳಿಜಾರಿನತ್ತ ಎರಡು ಕಿಲೋಮೀಟರಿಗೂ ಮೀರಿ ಸಾಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳು ಪತ್ತೆಯಾಗಿವೆ. ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಇಲ್ಲಿ ನಡೆದು, ಇಳಿದು, ಅಳೆದು ನಕ್ಷೆ ಬರೆಯದಿದ್ದರೆ ಇದು ಮರೆತೇ ಹೋಗುತ್ತಿತ್ತು. ಅನುರಾಗ್ ತಿವಾರಿ ಜಿಲ್ಲಾಧಿಕಾರಿಯಾಗಿದ್ದಾಗ, 2016ರ ಭೀಕರ ಬರದ ಹೊತ್ತಿನಲ್ಲಿ, ಬೀದರಿನ ಹಳೆಯ ಬಾವಿ ಕೆರೆಗಳ ಹೂಳೆತ್ತುವ ಕೆಲಸ ದೊಡ್ಡದಾಗಿ ನಡೆಯಿತು. ಕಾರೇಜಿನ ಹೂಳಿಗೂ ಆ ವರ್ಷಗಳಲ್ಲೇ ಕೈ ಹತ್ತಿತು. ಮರುವರ್ಷವೇ ಆ ಯುವ ಅಧಿಕಾರಿ ತೀರಿಕೊಂಡರು. ಬೀದರಿನವರು ಇಂದಿಗೂ ಅವರ ಹೆಸರನ್ನು ನೀರಿನ ಜೊತೆಗೇ ಎತ್ತುತ್ತಾರೆ. ದಖನ್ ಪ್ರಸ್ಥಭೂಮಿಯ ಚಾರಿತ್ರಿಕ ಜಲವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡಿನ 2020ರ ಕಾಳಜಿ ಪಟ್ಟಿಯನ್ನೂ ಸೇರಿದವು.

ಇಲ್ಲಿ ನಡೆಯುವುದೆಂದರೆ ಒಂದು ಗಾಳಿಬಾವಿಯಿಂದ ಇನ್ನೊಂದಕ್ಕೆ ನೆಲದ ಮೇಲೆ ಹೆಜ್ಜೆ ಹಾಕುವುದು, ಅಷ್ಟೇ. ಏರಿಲ್ಲ, ಬಂಡೆ ಹತ್ತುವುದಿಲ್ಲ. ಕಾಲಡಿಯಲ್ಲಿ ಹಾದಿಗೆ ಸಮನಾಗಿ ನೀರಿನ ಹಾದಿ ಸಾಗುತ್ತಿರುತ್ತದೆ. ಬಾವಿಯ ಬಾಯಿಗೆ ಬಗ್ಗಬೇಡಿ, ಅಂಚು ಸಡಿಲವಿರುತ್ತದೆ. ಮಕ್ಕಳ ಕೈ ಬಿಡಬೇಡಿ. ಗಾಳಿಬಾವಿಗಳಲ್ಲಿ ಕೆಲವು ಮುಚ್ಚಿಹೋಗಿವೆ, ಕೆಲವಕ್ಕೆ ಕಸ ಬಿದ್ದಿದೆ, ಸುತ್ತಲೂ ಮನೆ ನಿವೇಶನಗಳು ಒತ್ತಿ ಬರುತ್ತಿವೆ. ಇದನ್ನು ನೋಡುವಾಗ ಹೊಟ್ಟೆಯುರಿಯುತ್ತದೆ. ಐದೂವರೆ ಶತಮಾನ ಉಳಿದದ್ದನ್ನು ಒಂದೇ ತಲೆಮಾರಿನಲ್ಲಿ ಮುಚ್ಚುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ, ಕಾಸರಗೋಡಿನ ಬಾಯಾರು, ಎಣ್ಮಕಜೆಯಂಥ ಊರುಗಳಲ್ಲಿ, ಅಡಿಕೆ ತೋಟದ ರೈತರು ಇದೇ ಜಂಬಿಟ್ಟಿಗೆಯನ್ನು ಕೊರೆದು ಸುರಂಗದ ನೀರು ಪಡೆಯುತ್ತಾರೆ. ಗುಡ್ಡದ ಬದಿಗೆ ನೇರ ಅಡ್ಡ ಕೊರೆತ, ಗಾಳಿಬಾವಿಯ ಸಾಲು ಅಲ್ಲಿ ಅಪರೂಪ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಬೋಳುಗುಡ್ಡದಲ್ಲಿ ಸುರಂಗ ಕೊರೆದು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಒಂದು ಕಡೆ ಸುಲ್ತಾನನ ಖಜಾನೆ, ಇನ್ನೊಂದು ಕಡೆ ಒಬ್ಬ ಕೂಲಿಕಾರನ ಎರಡು ಕೈ. ಕಲ್ಲು ಇಬ್ಬರಿಗೂ ನೀರು ಕೊಟ್ಟಿತು.

ಮಾಂಜ್ರಾ ದಂಡೆಯಲ್ಲಿ

ಮತ್ತೆ ಕರಿ ನೆಲಕ್ಕೆ, ಸಾಯಗಾಂವಕ್ಕೆ. ಬಾಲಾಘಾಟ್ ಸಾಲಿನಲ್ಲಿ ಹುಟ್ಟುವ ಮಾಂಜ್ರಾ ಬೀಡ್, ಧಾರಾಶಿವ, ಲಾತೂರು ದಾಟಿ ಬೀದರ್ ಜಿಲ್ಲೆಗೆ ಬರುತ್ತದೆ, ಭಾಲ್ಕಿ ಮತ್ತು ಔರಾದ್ ಸೀಮೆಗಳ ನಡುವೆ ಹರಿದು ತೆಲಂಗಾಣಕ್ಕೆ ಹೋಗಿ, ಅಲ್ಲಿ ಉತ್ತರಕ್ಕೆ ತಿರುಗಿ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಉದ್ದ 724 ಕಿಲೋಮೀಟರ್. ಸಾಯಗಾಂವ ಹೋಬಳಿಯ ಊರುಗಳು ಈ ಕಣಿವೆಯವು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ, ಅಹ್ಮದಪುರ ಗಡಿಯಾಚೆಗೆ ಹೋದವು. ಆದರೆ ಹೊಲದ ಹಾದಿಗಳು ಗಡಿ ಕೇಳಲಿಲ್ಲ. ಇವತ್ತಿಗೂ ಈ ಕಡೆಯ ಸಂತೆಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯಬಹುದು, ನಡುವೆ ದಖನಿ ಉರ್ದು ಬಂದುಹೋಗಬಹುದು.

ಇಲ್ಲಿ ನಡೆಯಲು ಕಾಲ ನೋಡಿ ಹೊರಡಬೇಕು. ಕೆಂಪು ನೆಲದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ಹಾದಿ ಒಣಗುತ್ತದೆ, ಕರಿ ನೆಲದಲ್ಲಿ ಮಳೆಗಾಲವೆಲ್ಲ ಎರೆ ಕಾಲಿಗೆ ಹತ್ತಿಕೊಂಡು ಚಪ್ಪಲಿ ಸೇರು ಭಾರವಾಗುತ್ತದೆ, ಬೇಸಿಗೆಯಲ್ಲಿ ಬಿರುಕುಗಳು ಕಾಲು ನುಂಗುವಷ್ಟು ಬಾಯ್ಬಿಡುತ್ತವೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಸೊಗಸು. ಆಗ ತೊಗರಿ ಕಾಯಿಗಟ್ಟಿ ಒಣಗುತ್ತಿರುತ್ತದೆ, ಬಿಳಿಜೋಳ ಎದೆಮಟ್ಟ ಬೆಳೆದಿರುತ್ತದೆ, ಕಬ್ಬಿನ ಗಾಡಿಗಳು ಓಡಾಡುತ್ತವೆ. ಎಳ್ಳ ಅಮಾವಾಸ್ಯೆಯ ದಿನವಂತೂ ಊರಿಗೆ ಊರೇ ಹೊಲದಲ್ಲಿರುತ್ತದೆ. ಗುರುತಿಲ್ಲದವರನ್ನೂ ಕರೆದು ಕೂರಿಸಿ ಭಜ್ಜಿ, ಅಂಬಲಿ, ರೊಟ್ಟಿ ಬಡಿಸುತ್ತಾರೆ. ಬೀದರಿನ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಆ ಋತುವಿನ ಸೊಪ್ಪು ಕಾಯಿ ಕಾಳುಗಳನ್ನೆಲ್ಲ ಕೂಡಿಸಿ ಬೇಯಿಸಿದ್ದು. ನಡಿಗೆಗೆ ಅದಕ್ಕಿಂತ ಒಳ್ಳೆಯ ದಿನ ಪಂಚಾಂಗದಲ್ಲಿಲ್ಲ.

ಹಾದಿ ಯಾವುದು ಎಂದರೆ ಹೊಲಗಳ ನಡುವಿನ ಬಂಡಿದಾರಿ. ದೇವಣಿ ದನಗಳು ನೀರಿಗೆ ಇಳಿಯುವ ಜಾಡು ಹಿಡಿದರೆ ನದಿಗೆ ಹೋಗುತ್ತದೆ, ಇಲ್ಲವೇ ಊರಿನ ಜಿನುಗು ಕೆರೆಗೆ ಹೋಗುತ್ತದೆ. ಕಪ್ಪು ಬಿಳುಪಿನ ಈ ತಳಿ ಲಾತೂರಿನ ದೇವಣಿ ಮತ್ತು ಬೀದರ್ ಸೀಮೆಯದೇ. ದನದ ಕಾಲಿಗೆ ಇಳಿಜಾರಿನ ಲೆಕ್ಕ ಚೆನ್ನಾಗಿ ಗೊತ್ತು, ಅವು ಎಂದೂ ಕಡಿದಾದ ದಾರಿ ಹಿಡಿಯುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ಹೊಲದ ರಸ್ತೆಗಳನ್ನು ರಾಜ್ಯದಲ್ಲೆಲ್ಲ ಮೊರಂ ಹಾಕಿ ಸರಿಪಡಿಸಿದ್ದಾರೆ. ಇಲ್ಲಿನ ಮೊರಂ ಸವೆದ ಬಸಾಲ್ಟೇ. ನಡೆಯುವವರಿಗೂ ಅದು ಹಿತವಾದ ನೆಲ.

ದೊಡ್ಡ ನೀರು ನೋಡಬೇಕೆಂದರೆ ಕಾರಂಜಾ ಹಿನ್ನೀರು ಇದೆ. ಮಾಂಜ್ರಾದ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿದ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. ಬೀದರ್ ನಗರ ಕುಡಿಯುವುದೂ ಬಹುಪಾಲು ಇದೇ ನೀರು. ಕಟ್ಟೆಯ ಮೇಲೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೋಗಬೇಕಾಗಿಯೂ ಇಲ್ಲ. ಚಳಿಗಾಲದಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ದಂಡೆಯ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಟಿಟ್ಟಿಭಗಳ ಜೊತೆ ವಲಸೆ ಬಾತುಗಳೂ ಇಳಿಯುತ್ತವೆ. ಆ ನೀರಿನ ಕೆಳಗೆ ಯಾರದೋ ಹೊಲಗಳಿವೆ ಎಂಬುದನ್ನು ನಡೆಯುವವರು ಮರೆಯಬಾರದು. ಭೂಮಿ ಕಳೆದುಕೊಂಡವರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳಿಂದ ಹೋರಾಡುತ್ತಲೇ ಇದ್ದಾರೆ.

ಬೀದರಿನ ಸಮೀಪದ ವಿಲಾಸಪುರ ಕೆರೆ ಮತ್ತು ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಂಗಲ್ ಲಾಡ್ಜಸ್ ಅಲ್ಲಿ ಕೃಷ್ಣಮೃಗದ ಹೆಸರಿನ ವಸತಿ ನಡೆಸುತ್ತಿದೆ, ತಿಳಿದವರೆಲ್ಲ ಹೋಗುತ್ತಾರೆ. ಹುಲ್ಲುಗಾವಲಿನಲ್ಲಿ ಜಿಂಕೆಗಳನ್ನು ದೂರದಿಂದ ನೋಡಿ, ಹತ್ತಿರ ಹೋಗಿ ಓಡಿಸಬೇಡಿ.

ಬಸವಕಲ್ಯಾಣದ ತ್ರಿಪುರಾಂತ ಕೆರೆಯನ್ನು ಮಾತ್ರ ಬಿಡುವಂತಿಲ್ಲ. ಅದರ ಸುತ್ತಲಿನದೂ ಕೆಂಗಲ್ಲು. ಹಾಗಾಗಿ ಕೆರೆಯ ಆಸುಪಾಸಿನಲ್ಲಿ ಗವಿಗಳಿವೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ. ಚಂದಯ್ಯ ಈ ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಬಂದ ಹಣದಲ್ಲಿ ಜಂಗಮ ದಾಸೋಹ ಮಾಡುತ್ತಿದ್ದ ಶರಣ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕ ಬಿಟ್ಟು ಅದನ್ನು ಹುಡುಕಲು ನಿಲ್ಲಲಿಲ್ಲವಂತೆ. ಲಿಂಗವೇ ಬೆನ್ನುಹತ್ತಿ ಬಂತಂತೆ. ಕೆರೆಯಂಚಿನಲ್ಲಿ ಜೊಂಡು ಎಲ್ಲಿದ್ದರೂ ಈ ಕತೆ ನೆನಪಾಗುತ್ತದೆ. ಕೆರೆಗಳನ್ನು ಅಂದಗಾಣಿಸುವ ಕೆಲಸಗಾರರು ಮೊದಲು ಕಿತ್ತು ಹಾಕುವುದು ಆ ಜೊಂಡನ್ನೇ. ಕಲ್ಮಶ ಹಿಡಿದಿಡುವುದೂ, ಹಕ್ಕಿ ಗೂಡಿಗೆ ಮರೆಯಾಗುವುದೂ ಜೊಂಡೇ.

ಬೀದರಿನ ಕೆರೆಗಳ ಸುತ್ತ ವಾಕಿಂಗ್ ಟ್ರ್ಯಾಕ್ ಬೇಕೆಂಬ ಬೇಡಿಕೆ ಪ್ರತಿ ಚುನಾವಣೆಯಲ್ಲೂ ಬರುತ್ತದೆ. ಬೇಡಿಕೆ ಸರಿಯಾದದ್ದೇ. ಆದರೆ ಅದು ಕಾಮಗಾರಿಯಾದಾಗ ಸಿಮೆಂಟ್ ಇಟ್ಟಿಗೆ ಹಾಸು, ಕಾಂಕ್ರೀಟ್ ಗೋಡೆ, ಬಣ್ಣದ ದೀಪ ಎಂದಾಗಿಬಿಡುತ್ತದೆ. ಬೇರೆ ಊರಿನಲ್ಲಿ ಇದು ಬರಿಯ ಅಂದದ ಪ್ರಶ್ನೆಯಾಗಿರಬಹುದು, ಬೀದರಿನಲ್ಲಿ ನೀರಿನ ಪ್ರಶ್ನೆ. ಈ ಪ್ರಸ್ಥಭೂಮಿ ಕುಡಿಯುವುದು ತನ್ನ ನೆತ್ತಿಯಿಂದ. ನೆತ್ತಿಯನ್ನು ಮುಚ್ಚಿದಷ್ಟೂ ಅಂಚಿನ ಝರಿ ಬಡವಾಗುತ್ತದೆ. ಕೊಳವೆಬಾವಿಗಳು ಕೆಳಗಿನಿಂದ ಹೀರುವುದು ಸಾಲದೆಂಬಂತೆ ಮೇಲಿನಿಂದಲೂ ನಾವು ಬಾಯಿ ಕಟ್ಟುತ್ತಿದ್ದೇವೆ. ಇನ್ನೊಂದು ಅಪಾಯ ಸುಣ್ಣಕಲ್ಲಿನ ನಾಡಿನವರಿಗೆ ಹಳೆಯ ಪಾಠ. ತೂತಿರುವ ಕಲ್ಲು ನೀರನ್ನು ಬೇಗ ಸಾಗಿಸುತ್ತದೆ, ಸೋಸುವುದು ಕಡಿಮೆ. ಮೇಲಿನ ಬಡಾವಣೆಯ ಶೌಚಗುಂಡಿಯಿಂದ ಇಂಗಿದ್ದು ಕಣಿವೆಯ ಕುಂಡಕ್ಕೆ ಬರಲು ಹೆಚ್ಚು ಕಾಲ ಬೇಕಿಲ್ಲ. ತೀರ್ಥವೆಂದು ಕುಡಿಯುವ ನೀರಿದು.

ನಡೆಯುವವರಿಗೆ ಬೇಕಾದದ್ದು ಕಡಿಮೆ. ತಿರುವುಗಳಲ್ಲಿ ಕನ್ನಡದಲ್ಲಿ ಬರೆದ ಕಲ್ಲಿನ ಕೈಮರ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ. ಅಲ್ಲಲ್ಲಿ ಬೇವು, ನೇರಳೆಯ ನೆರಳು. ಹೆಣ್ಣುಮಕ್ಕಳು ಧೈರ್ಯವಾಗಿ ಬಳಸಬಹುದಾದ, ಬೀಗ ಹಾಕದ ಶೌಚಾಲಯ. ಹಾದಿಗೆ ಮೊರಂ ಸಾಕು, ಕೊಚ್ಚಿಹೋದ ಕಡೆ ಪ್ರತಿ ವರ್ಷ ಒಂದಿಷ್ಟು ಹಾಕಿದರಾಯಿತು. ಗಾಲಿಕುರ್ಚಿಯವರಿಗಾಗಿ ಏರಿಯ ಒಂದು ಭಾಗವನ್ನು ಗಟ್ಟಿಮಾಡಿದರೆ ಅದಕ್ಕೆ ನನ್ನ ತಕರಾರಿಲ್ಲ, ಇಡೀ ಸುತ್ತನ್ನು ಮುಚ್ಚುವುದಕ್ಕಿದೆ. ಶಾಲೆಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ಕರೆತರಬೇಕು, ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ. ಝರಿಯ ನೀರು ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಅವರೇ ಗಡಿಯಾರ ಹಿಡಿದು ಬರೆದಿಡಬೇಕು. ಹತ್ತು ವರ್ಷದ ಅಂಥ ಒಂದು ಪುಸ್ತಕ ಕೈಯಲ್ಲಿದ್ದರೆ, ನೌಬಾದಿನ ಗಾಳಿಬಾವಿಗಳ ಸುತ್ತ ಎಷ್ಟು ನೆಲ ಬಿಡಬೇಕು, ಯಾವ ನಿವೇಶನಕ್ಕೆ ಪರವಾನಗಿ ಕೊಡಬಾರದು ಎಂಬ ವಾದವನ್ನು ಊರಿನವರು ತಾವೇ ಅಂಕಿ ಮುಂದಿಟ್ಟು ಮಾಡಬಹುದು.